ಹೆದ್ದಾರಿ ಬಿಟ್ಟು ಅಗಡಿಗೆ

ಹುಬ್ಬಳ್ಳಿ ದಾಟಿ ಬೆಂಗಳೂರಿನತ್ತ ಹೊರಟ ಕಾರಿನವರು ಹಾವೇರಿಯಲ್ಲಿ ನಿಂತರೆ ಅದು ಚಹಾಕ್ಕೆ, ಹೆಚ್ಚೆಂದರೆ ರೊಟ್ಟಿ ಊಟಕ್ಕೆ. ಬೇಸಿಗೆಯಲ್ಲಂತೂ ಈ ಬಯಲು ಯಾರನ್ನೂ ಕೈಬೀಸಿ ಕರೆಯುವುದಿಲ್ಲ. ಬಿರುಕು ಬಿಟ್ಟ ಎರೆಹೊಲ, ಕಣ್ಣು ಕುಕ್ಕುವ ಬಿಸಿಲು, ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಚೀಲ ಹೊತ್ತು ಸಾಗುವ ಲಾರಿಗಳು. ಆದರೆ ಕನ್ನಡದಲ್ಲಿ ಕಾದಂಬರಿ ಓದಿ ಬೆಳೆದವರು ಇಲ್ಲಿ ಒಂದರ್ಧ ದಿನ ಉಳಿಸಿಕೊಂಡು ಅಗಡಿಗೆ ಹೋಗಿಬರಬೇಕು.

ಅಗಡಿಯ ಆನಂದವನ ಶೇಷಾಚಲ ಸದ್ಗುರುಗಳ ಆಶ್ರಮ. 1907ರಲ್ಲಿ ಇಲ್ಲಿಂದ 'ಸದ್ಬೋಧ ಚಂದ್ರಿಕೆ' ಎಂಬ ಮಾಸಪತ್ರಿಕೆ ಹೊರಟಿತು. ಆಗ ಈ ಸೀಮೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಶಾಲೆ, ಕಚೇರಿಗಳಲ್ಲಿ ಮರಾಠಿಯದೇ ಮೇಲುಗೈ. ಓದು ಬರಹ ಬಲ್ಲ ಕನ್ನಡಿಗರೂ ಕಥೆ ಬೇಕೆಂದರೆ ಮರಾಠಿ ಪುಸ್ತಕಕ್ಕೆ ಕೈಚಾಚುತ್ತಿದ್ದರು. ಅಂಥ ಹೊತ್ತಿನಲ್ಲಿ ಒಂದು ಹಳ್ಳಿಯಿಂದ ಕನ್ನಡ ಪತ್ರಿಕೆ ನಡೆಸುವುದಕ್ಕೆ ಎಂಥ ಎದೆಗಾರಿಕೆ ಬೇಕಿತ್ತು!

ಅದರ ಸಂಪಾದಕತ್ವ ಹೊತ್ತವರು ಶಾಲಾ ಮಾಸ್ತರರಾಗಿದ್ದ ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟೂರಿನ ಹೆಸರಿನಿಂದಲೇ ನಾಡಿಗೆ ಪರಿಚಿತರಾದ ಗಳಗನಾಥರು ಇವರೇ. ಹರಿ ನಾರಾಯಣ ಆಪ್ಟೆಯವರ ಮರಾಠಿ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದರು, ಮುಂದೆ ವಿಜಯನಗರದ ಹುಟ್ಟನ್ನು 'ಮಾಧವ ಕರುಣಾ ವಿಲಾಸ'ದಲ್ಲಿ ತಾವೇ ಬರೆದರು. ಬರೆದು ಸುಮ್ಮನೆ ಕೂರಲಿಲ್ಲ. ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಓದುಗ ಪುಸ್ತಕದ ಬಳಿಗೆ ಬರದಿದ್ದರೆ ಪುಸ್ತಕವೇ ಓದುಗನ ಮನೆ ಬಾಗಿಲಿಗೆ ಹೋಗಬೇಕೆಂದು ನಂಬಿದ ಮನುಷ್ಯ. ಕನ್ನಡ ಕಾದಂಬರಿಯ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಆ ಗಂಟು ಹೊತ್ತ ನಡಿಗೆ.

ಹಾವೇರಿಯಲ್ಲಿ ಸಿದ್ಧೇಶ್ವರ ಗುಡಿಯನ್ನೂ ನೋಡಿ. ಪಶ್ಚಿಮಕ್ಕೆ ಮುಖ ಮಾಡಿದ ಚಾಲುಕ್ಯರ ಗುಡಿ ಅದು. ಹೊತ್ತಿದ್ದರೆ ಗುತ್ತಲ ಸೀಮೆಯ ಗಳಗನಾಥಕ್ಕೂ ಹೋಗಿ. ವರದಾ ನದಿ ತುಂಗಭದ್ರೆಯನ್ನು ಕೂಡುವಲ್ಲಿ ಗಳಗೇಶ್ವರನ ಗುಡಿಯಿದೆ. ಅದರ ಬುಡ ಮೆಟ್ಟಿಲು ಮೆಟ್ಟಿಲಾಗಿ ಅಗಲಗೊಳ್ಳುತ್ತ ನೆಲಕ್ಕಿಳಿಯುತ್ತದೆ. 1869ರಲ್ಲಿ ಗಳಗನಾಥರು ಹುಟ್ಟಿದ್ದು ಈ ಊರಲ್ಲೇ. ಹೆದ್ದಾರಿಯಲ್ಲಿ ಎಷ್ಟೋ ಧಾಬಾಗಳ ಫಲಕಗಳಿವೆ. ಅಗಡಿಗೆ, ಗಳಗನಾಥಕ್ಕೆ ದಾರಿ ತೋರಿಸಿ, ಇಲ್ಲಿ ಏನಾಯಿತೆಂದು ಎರಡು ಸಾಲಿನಲ್ಲಿ ಹೇಳುವ ದೊಡ್ಡ ಫಲಕವೊಂದನ್ನು ಅವುಗಳ ಪಕ್ಕದಲ್ಲೇ ನಿಲ್ಲಿಸಬೇಕು.