ಕಲ್ಮನೆಯ ಲೆಕ್ಕ

1914ರಲ್ಲಿ ಆಲೂರ ವೆಂಕಟರಾಯರು ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಕಟ್ಟಿದರು. 1917ರ ಅವರ ‘ಕರ್ನಾಟಕ ಗತವೈಭವ’ದಲ್ಲಿ ಅರಸರು, ಶಿಲ್ಪ, ಸಾಹಿತ್ಯ, ಧರ್ಮ ಎಲ್ಲ ಒಂದೇ ನಾಡಿನ ಕಥೆಯಾದವು. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು ಅಂತ ಹರಿದು ಹಂಚಿಹೋಗಿದ್ದ ಜನಕ್ಕೆ ಅದು ಬೇಕಿತ್ತು, ಖರೆ. ಆದರೆ ವೈಭವ ಯಾರದು?

ಚೊಳಚಗುಡ್ಡದ ಬನಶಂಕರಿಯಿಂದ ಬಾದಾಮಿ ಸುಮಾರು 5 ಕಿ.ಮೀ. ಅಲ್ಲಿಯ 3ನೇ ಗುಹೆಯ 578ರ ಸಂಸ್ಕೃತ ಶಾಸನ ಚಾಲುಕ್ಯರ ಗೋತ್ರ ಹೇಳಿ, 16 ಮಂದಿ ಬ್ರಾಹ್ಮಣರ ನಿತ್ಯದ ಊಟಕ್ಕೆ ಊರೊಂದರ ಆದಾಯ ಬಿಡುತ್ತದೆ. ಅದೇ ಗುಹೆಯಲ್ಲಿ ಮಂಗಲೇಶನ ಪುಟ್ಟ ಕನ್ನಡ ಶಾಸನವೂ ಇದೆ. ಅದು ಗುಹೆಯನ್ನು ‘ಕಲ್ಮನೆ’ ಅನ್ನುತ್ತದೆ, ದೇವರಿಗೆ ಹೂ ಒದಗಿಸುವ ಮಾಲೆಗಾರರಿಗೂ ಒಂದು ಪಾಲು ಕೊಡುತ್ತದೆ. ಕನ್ನಡಕ್ಕೆ ಬಂದಕೂಡಲೆ ದುಡಿಯುವವರು ಕಾಣಿಸಿಕೊಂಡರು ನೋಡ್ರಿ! ಕಲ್ಲು ಕೊರೆದವರದೋ, ಗುಹೆಗಳಲ್ಲಿ ಅಲ್ಲಲ್ಲಿ ಒಂಟಿ ಹೆಸರುಗಳಷ್ಟೇ. ದತ್ತಿ ಇಲ್ಲ.

ನಾಡಿನ ಸಂಸ್ಕೃತಿಯನ್ನು ಹಲವು ಶಾಸ್ತ್ರ ಕೂಡಿಸಿ ಓದುತ್ತೇವೆ ಅನ್ನುವ ಸಂಘ ಈ ಕೂಲಿಯ ಲೆಕ್ಕವನ್ನೂ ಕೇಳಬೇಕು. ಶಾಸನತಜ್ಞನ ಪಕ್ಕದಲ್ಲಿ ಕಲ್ಲು ಒಡೆಯುವವನು ಕೂತು ಮಾತಾಡಬೇಕು, ಬರೇ ಮಾಹಿತಿದಾರನಾಗಿ ಅಲ್ಲ, ಸದಸ್ಯನಾಗಿ. ಬನದ ಹುಣ್ಣಿಮೆಯ ಜಾತ್ರೆಗೆ ನಾಟಕ ಕಂಪನಿಗಳು ವಾರಗಟ್ಟಲೆ ಚೊಳಚಗುಡ್ಡದಲ್ಲಿ ಬೀಡುಬಿಡುತ್ತವೆ. ಅಲ್ಲಿ ಡೇರೆ ಹೊಡೆಯುವವರು ಯಾರು, ಹಲಗೆ ಬಾರಿಸುವವರು ಯಾರು, ಜಾತ್ರೆ ಮುಗಿದ ಮೇಲೆ ಕಸ ಬಳಿಯುವವರು ಯಾರು? ವಿದ್ಯಾರ್ಥಿ ಗೆಳೆಯರು ನೋಟ್‌ಬುಕ್ಕು ತಗೊಂಡು ಅಲ್ಲಿಂದಲೇ ಶುರುಮಾಡಬಹುದು.