ಯಂತ್ರದೊಳಗಣ ಯಂತ್ರ

ಒಂದೇ ಮನೆಯಲ್ಲಿ ಎರಡು ಸಂಸಾರಗಳು ನಡೆಯುವಂತೆ, ಒಂದು ಗಣಕಯಂತ್ರದೊಳಗೆ ಮತ್ತೊಂದು ಗಣಕಯಂತ್ರ ನಡೆಯಬಲ್ಲುದು. ಈ ಒಳಯಂತ್ರಕ್ಕೆ ತನ್ನದೇ ಆದ ಪೆಟ್ಟಿಗೆಯಿಲ್ಲ, ತಂತಿಯಿಲ್ಲ. ಅದು ಕೇವಲ ತಂತ್ರಾಂಶದಿಂದ ರೂಪುಗೊಂಡುದು. ಆದರೂ ಅದರಲ್ಲಿ ನಡೆಯುವ ಕಾರ್ಯಾಚರಣ ವ್ಯವಸ್ಥೆಯು ಸ್ವತಂತ್ರ ಯಂತ್ರದಲ್ಲಿರುವಂತೆಯೇ ವರ್ತಿಸುತ್ತದೆ. ಇದಕ್ಕೆ ವರ್ಚುವಲ್ ಯಂತ್ರವೆಂದು ಹೆಸರು. ಆಶ್ರಯವಿತ್ತ ಗಣಕವನ್ನು ಆತಿಥೇಯವೆಂದೂ ಆಶ್ರಯ ಪಡೆದುದನ್ನು ಅತಿಥಿಯೆಂದೂ ಕರೆಯುವರು.

ಈ ಕಲ್ಪನೆ ಇಂದು ನಿನ್ನೆಯದಲ್ಲ. ಒಂದೇ ದೊಡ್ಡ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸುವಂತಾಗಲೆಂದು ಅಮೆರಿಕದ ಐಬಿಎಂ ಸಂಸ್ಥೆಯ ತಜ್ಞರು 1960ರ ದಶಕದಲ್ಲಿಯೇ ಇದನ್ನು ಸಾಧಿಸಿದರು. 1972ರಲ್ಲಿ ಆ ಸಂಸ್ಥೆಯು ವಿಎಂ/370 ಎಂಬ ವ್ಯವಸ್ಥೆಯನ್ನು ಪ್ರಕಟಿಸಿತು. ಇಂದು ವರ್ಚುವಲ್‌ಬಾಕ್ಸ್‌ನಂತಹ ತಂತ್ರಾಂಶಗಳ ನೆರವಿನಿಂದ ಮೇಜಿನ ಮೇಲಣ ಸಾಧಾರಣ ಗಣಕದಲ್ಲಿಯೂ ಇದು ಸಾಧ್ಯ. ಅತಿಥಿಯಲ್ಲಿ ನಡೆಸಿದ ಪ್ರಯೋಗ ಕೆಟ್ಟರೂ ಆತಿಥೇಯಕ್ಕೆ ಸುಲಭವಾಗಿ ಕೇಡು ತಟ್ಟದು. ಎರಡರ ನಡುವಣ ಗೋಡೆಯೇ ಈ ರಕ್ಷಣೆಗೆ ಕಾರಣ. ಆದರೆ ಅವೆರಡೂ ಪರಸ್ಪರ ಮಾತನಾಡಬೇಕಾದಾಗ ಅದೇ ಗೋಡೆ ಅಡ್ಡಿಯಾಗಿ ನಿಲ್ಲುತ್ತದೆ.

ವಿದ್ಯಾರ್ಥಿಯೊಬ್ಬನು ತನ್ನ ವಿಂಡೋಸ್ ಗಣಕದಲ್ಲಿ ವರ್ಚುವಲ್‌ಬಾಕ್ಸ್ ಸ್ಥಾಪಿಸಿ, ಅದರೊಳಗೆ ಲಿನಕ್ಸ್ ಅತಿಥಿಯನ್ನು ನೆಲೆಗೊಳಿಸಿ, ತಾನು ರಚಿಸಿದ ಜಾಲಪುಟವನ್ನು ಅಲ್ಲಿ ಇರಿಸಿದನೆಂದು ಊಹಿಸಬಹುದು. ಅತಿಥಿಯಿಂದ ಅಂತರಜಾಲದ ತಾಣಗಳೆಲ್ಲವೂ ತೆರೆಯುತ್ತವೆ. ಆದರೆ ಆತಿಥೇಯದಿಂದ ಆ ಪುಟವನ್ನು ತೆರೆಯಹೋದರೆ ಅದು ದೊರೆಯದು. ಸಾಗರದಾಚೆಯ ಗಣಕಕ್ಕೆ ದಾರಿಯುಂಟು, ಗೋಡೆಯಾಚೆಯದಕ್ಕೆ ಇಲ್ಲ! ಇಂತಹ ವೇಳೆಯಲ್ಲಿ ಆತುರಗಾರನು ಎಲ್ಲವನ್ನೂ ಅಳಿಸಿ ಮತ್ತೆ ಮೊದಲಿನಿಂದ ಸ್ಥಾಪಿಸುತ್ತಾನೆ. ಇಲ್ಲವೇ ಗಣಕದ ದ್ವಾರಪಾಲಕನಂತಿರುವ ಫೈರ್‌ವಾಲ್ ಅನ್ನು ಸಂಪೂರ್ಣವಾಗಿ ನಿಲ್ಲಿಸಿಬಿಡುತ್ತಾನೆ. ಮೊದಲನೆಯದರಿಂದ ದುಡಿಮೆ ವ್ಯರ್ಥವಾಗುತ್ತದೆ. ಎರಡನೆಯದರಿಂದ ದುಷ್ಟ ತಂತ್ರಾಂಶಗಳಿಗೆ ಹಾದಿ ತೆರೆಯುತ್ತದೆ. ವಿವೇಕಿಯಾದವನಾದರೋ ಹತ್ತಿರದಿಂದ ದೂರಕ್ಕೆ ಒಂದೊಂದೇ ಕೊಂಡಿಯನ್ನು ಪರೀಕ್ಷಿಸುತ್ತಾ ಸಾಗುತ್ತಾನೆ.

ಮೊದಲು ನೋಡಬೇಕಾದುದು ಸೇವೆಯನ್ನು. 127.0.0.1 ಎಂಬುದು ಪ್ರತಿಯೊಂದು ಗಣಕವೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ. ಅತಿಥಿಯೊಳಗಿನಿಂದಲೇ ಈ ವಿಳಾಸದಲ್ಲಿ ಪುಟ ತೆರೆಯದಿದ್ದರೆ, ದೋಷವಿರುವುದು ದಾರಿಯಲ್ಲಲ್ಲ, ಮನೆಯೊಳಗೆ.

ಎರಡನೆಯದು ವಿಳಾಸ. ವರ್ಚುವಲ್‌ಬಾಕ್ಸ್ ಹೊಸ ಅತಿಥಿಗೆ ತಾನಾಗಿಯೇ ಒದಗಿಸುವುದು ‘ನ್ಯಾಟ್’ ಎಂಬ ಏರ್ಪಾಡನ್ನು. ಇದರಲ್ಲಿ ಅತಿಥಿಗೆ ಸಾಮಾನ್ಯವಾಗಿ 10.0.2.15 ಎಂಬ ವಿಳಾಸ ದೊರೆಯುತ್ತದೆ. ವಿದ್ಯಾರ್ಥಿನಿಲಯದ ಹುಡುಗರ ಕಾಗದಗಳನ್ನೆಲ್ಲ ಮೇಲ್ವಿಚಾರಕರು ತಮ್ಮ ಹೆಸರಿನಲ್ಲಿ ಹೊರಗೆ ಕಳುಹಿಸಿ, ಬಂದ ಉತ್ತರವನ್ನು ಆಯಾ ಹುಡುಗನಿಗೆ ತಲುಪಿಸುವ ಕ್ರಮವಿದೆಯೆಂದು ಭಾವಿಸಿದರೆ ಇದು ತಿಳಿಯಾಗುವುದು. ಹುಡುಗನು ಬರೆದುದಕ್ಕೆ ಉತ್ತರ ಬಂದೇ ಬರುತ್ತದೆ. ಆದರೆ ಹೊರಗಿನವರು ತಾವಾಗಿ ಬರೆದ ಕಾಗದ ಯಾವ ಹುಡುಗನಿಗೆ ಸೇರಬೇಕೆಂಬುದು ಮೇಲ್ವಿಚಾರಕರಿಗೆ ತಿಳಿಯದು. ಆದುದರಿಂದ ವಿದ್ಯಾರ್ಥಿಯನ್ನು ಕಾಡಿದ ಒಗಟು ಯಂತ್ರದ ದೋಷವಲ್ಲ. ಏರ್ಪಾಡಿನ ಸಹಜ ಫಲ.

ಇದಕ್ಕೆ ಪರಿಹಾರಗಳು ಎರಡು. ಆತಿಥೇಯದ 8080ನೆಯ ಪೋರ್ಟಿಗೆ ಬಂದ ಕರೆಯನ್ನು ಅತಿಥಿಯ 80ನೆಯ ಪೋರ್ಟಿಗೆ ದಾಟಿಸುವಂತೆ ನ್ಯಾಟ್‌ಗೆ ನಿಯಮವೊಂದನ್ನು ವಿಧಿಸಬಹುದು. ಇಲ್ಲವೇ, ಆತಿಥೇಯ ಮತ್ತು ಅತಿಥಿಗಳಿಗೆ ಮಾತ್ರ ಸೇರಿದ ‘ಹೋಸ್ಟ್-ಓನ್ಲಿ’ ಜಾಲವನ್ನು ಜೊತೆಗೆ ಕೂಡಿಸಬಹುದು. ಆಗ ಸಾಮಾನ್ಯವಾಗಿ ಆತಿಥೇಯಕ್ಕೆ 192.168.56.1 ಎಂಬ ವಿಳಾಸವೂ ಅತಿಥಿಗೆ 192.168.56.101ರಂತಹ ವಿಳಾಸವೂ ಇರುತ್ತವೆ. ಮೊದಲ ಮೂರು ಭಾಗಗಳು ಒಂದೇ ಆಗಿರುವುದು ಇವು ಒಂದೇ ಬೀದಿಯ ಮನೆಗಳೆಂಬುದರ ಗುರುತು. ವಿಳಾಸವೇ ಇಲ್ಲದಿದ್ದರೆ, ಅಥವಾ ಅದು 169.254 ಎಂದು ಆರಂಭವಾಗಿದ್ದರೆ, ವಿಳಾಸ ಹಂಚುವ ಸೇವೆಯಿಂದ ಉತ್ತರ ಬಂದಿಲ್ಲವೆಂದು ತಿಳಿಯಬೇಕು.

ಮೂರನೆಯದು ದಾರಿ. ಇದನ್ನರಿಯಲು ‘ಪಿಂಗ್’ ಎಂಬ ಸಾಧನವುಂಟು. ಅಮೆರಿಕದ ಮೈಕ್ ಮೂಸ್ ಅವರು ಇದನ್ನು 1983ರಲ್ಲಿ ರಚಿಸಿ, ನೀರಿನಾಳವನ್ನು ಶೋಧಿಸುವ ಸೋನಾರ್ ಯಂತ್ರದ ಧ್ವನಿಯನ್ನು ನೆನೆದು ಈ ಹೆಸರಿಟ್ಟರು. ಒಂದು ಗಣಕ ಕೂಗುತ್ತದೆ, ಇನ್ನೊಂದು ಓಗೊಡುತ್ತದೆ. ಓಗೊಟ್ಟರೆ ದಾರಿ ಸರಿಯಿದೆ. ಓಗೊಡದಿದ್ದರೆ ದಾರಿಯಿಲ್ಲವೆಂದು ಒಡನೆಯೇ ನಿರ್ಣಯಿಸಲಾಗದು. ವಿಂಡೋಸ್‌ನ ಫೈರ್‌ವಾಲ್ ಇಂತಹ ಕೂಗನ್ನು ಹಲವು ವೇಳೆ ಒಳಗೆ ಬಿಡುವುದಿಲ್ಲ. ಆದಕಾರಣ ಅತಿಥಿಯಿಂದ ಆತಿಥೇಯವನ್ನೂ, ಆತಿಥೇಯದಿಂದ ಅತಿಥಿಯನ್ನೂ ಕೂಗಿ ನೋಡಬೇಕು. ಒಂದು ಕಡೆಯಿಂದ ಉತ್ತರ ಬಂದರೂ ದಾರಿಯುಂಟೆಂಬುದು ಸಿದ್ಧವಾಗುತ್ತದೆ.

ಕೊನೆಯದು ಬಾಗಿಲು. ದಾರಿ ಸರಿಯಿದ್ದೂ ಪುಟ ದೊರೆಯದಿದ್ದರೆ ಕಾರಣಗಳು ಮುಖ್ಯವಾಗಿ ಎರಡು. ಸೇವೆಯು 127.0.0.1ರಲ್ಲಿ ಮಾತ್ರ ಕಿವಿಗೊಟ್ಟಿದ್ದರೆ ಹೊರಗಿನ ಕರೆ ಅದಕ್ಕೆ ಕೇಳಿಸದು. ಅತಿಥಿಯ ಫೈರ್‌ವಾಲ್ ತಡೆಯುತ್ತಿದ್ದರೆ 80ನೆಯ ಪೋರ್ಟಿಗೆ ಮಾತ್ರ ಅನುಮತಿ ಕೊಟ್ಟರೆ ಸಾಕು, ಕಾವಲನ್ನೇ ತೆಗೆದುಹಾಕಬೇಕಾಗಿಲ್ಲ.

ಈ ಪರೀಕ್ಷೆಯಲ್ಲಿ ಪಾಲಿಸಬೇಕಾದ ನಿಯಮವೊಂದಿದೆ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ, ಫಲವನ್ನು ಬರೆದಿಟ್ಟುಕೊಳ್ಳಬೇಕು. ಮೂರನ್ನು ಒಟ್ಟಿಗೆ ಬದಲಿಸಿದವನಿಗೆ ಪುಟ ತೆರೆದರೂ ಕಾರಣ ತಿಳಿಯದು. ನಾಳೆ ಅದೇ ತೊಡಕು ಮರಳಿ ಬಂದಾಗ ಅವನು ಮತ್ತೆ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಗೋಡೆ ಏಕಿದೆಯೆಂಬುದನ್ನು ಅರಿತವನು ಅದನ್ನು ಕೆಡವಲು ಹೋಗುವುದಿಲ್ಲ. ಬೇಕಾದೆಡೆಯಲ್ಲಿ, ಬೇಕಾದಷ್ಟೇ ಬಾಗಿಲನ್ನು ತೆರೆಯುತ್ತಾನೆ.