ಯಂತ್ರ ಬರೆದ ಪ್ರೋಗ್ರಾಂ ಓದುವವರು ಯಾರು?

ಕಂಪ್ಯೂಟರಿನ ಭಾಷೆಯನ್ನು ಮನುಷ್ಯರ ಮಾತಿನ ಕಡೆಗೆ ಎಳೆದು ತರುವ ಪ್ರಯತ್ನ ಇಂದು ನಿನ್ನೆಯದಲ್ಲ. ಅಮೆರಿಕದ ಗ್ರೇಸ್ ಹಾಪರ್ 1952ರಲ್ಲೇ ಕಂಪೈಲರ್ ಒಂದನ್ನು ರೂಪಿಸಿದ್ದರು. 1957ರಲ್ಲಿ ಐಬಿಎಂ ಕಂಪೆನಿಯ ಫೋರ್‌ಟ್ರಾನ್ ಬಂತು. ಸೂತ್ರವನ್ನು ಹೆಚ್ಚುಕಡಿಮೆ ಗಣಿತದ ಪುಸ್ತಕದಲ್ಲಿರುವಂತೆಯೇ ಬರೆದರಾಯಿತು, ಅದನ್ನು ಯಂತ್ರದ ಅಂಕಿಗಳಿಗೆ ಇಳಿಸುವುದು ಕಂಪೈಲರಿನ ಹೊಣೆ. ಈಗ ಅಷ್ಟು ಶ್ರಮವೂ ಬೇಡ. 2021ರ ಗಿಟ್‌ಹಬ್ ಕೋಪೈಲಟ್, 2022ರ ಚಾಟ್‌ಜಿಪಿಟಿ ಬಂದ ಮೇಲೆ ಬೇಕಾದುದನ್ನು ಆಡುಮಾತಿನಲ್ಲಿ ಹೇಳಿದರೆ ಸಾಕು, ಪ್ರೋಗ್ರಾಂ ಸಿದ್ಧ!

ಆದರೆ ಕಂಪೈಲರಿಗೂ ಇದಕ್ಕೂ ಅಜಗಜಾಂತರ. ಕಂಪೈಲರ್ ನಿಯಮ ಬಿಟ್ಟು ಕದಲುವುದಿಲ್ಲ. ಒಂದು ಆವರಣ ಚಿಹ್ನೆ ತಪ್ಪಿದರೂ ದೋಷವೆಂದು ತೋರಿಸಿ ನಿಂತುಬಿಡುತ್ತದೆ. ಕೃತಕ ಬುದ್ಧಿಮತ್ತೆಗೆ ಆ ಸಂಕೋಚವಿಲ್ಲ. ಕೋಟ್ಯಂತರ ಸಾಲುಗಳ ಹಳೆಯ ಪ್ರೋಗ್ರಾಂಗಳನ್ನು ಅರೆದು ಕುಡಿದಿರುವ ಅದು, ಮುಂದೆ ಯಾವ ಪದ ಬರುವ ಸಂಭವ ಹೆಚ್ಚೆಂದು ಲೆಕ್ಕ ಹಾಕಿ ಜೋಡಿಸುತ್ತಾ ಹೋಗುತ್ತದೆ. ಸಂಭವನೀಯವಾದದ್ದೆಲ್ಲ ನಿಜವಾಗಿರಬೇಕೆಂದೇನಿಲ್ಲವಷ್ಟೆ.

ಇದರಿಂದ ಏನಾಗುತ್ತದೆ ನೋಡಿ. ಪ್ರೋಗ್ರಾಮರುಗಳು ಎಲ್ಲವನ್ನೂ ತಾವೇ ಬರೆಯುವುದಿಲ್ಲ. ಬೇರೆಯವರು ಬರೆದಿಟ್ಟ ಪ್ಯಾಕೇಜುಗಳನ್ನು ಇಂಟರ್‌ನೆಟ್ಟಿನ ಭಂಡಾರದಿಂದ ಹೆಸರು ಹೇಳಿ ತರಿಸಿಕೊಳ್ಳುತ್ತಾರೆ. 2025ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂಥ 16 ಮಾದರಿಗಳಿಂದ 5.76 ಲಕ್ಷ ಪ್ರೋಗ್ರಾಂ ತುಣುಕುಗಳನ್ನು ಬರೆಸಲಾಯಿತು. ಅವುಗಳಲ್ಲಿ ಭಂಡಾರದಲ್ಲೇ ಇಲ್ಲದ ಪ್ಯಾಕೇಜುಗಳ ಹೆಸರು 2 ಲಕ್ಷಕ್ಕೂ ಹೆಚ್ಚು! ಯಂತ್ರ ಹುಟ್ಟಿಸಿದ ಹೆಸರುಗಳವು. ಕೆಲವಂತೂ ಅದೇ ಪ್ರಶ್ನೆಯನ್ನು ಹತ್ತು ಸಲ ಕೇಳಿದರೆ ಹತ್ತೂ ಸಲ ಮರಳಿ ಬಂದವು. ಇಲ್ಲದ ಹೆಸರಿನಿಂದ ಏನು ತೊಂದರೆ ಎನ್ನಬೇಡಿ. ಕಿಡಿಗೇಡಿಯೊಬ್ಬ ಅದೇ ಹೆಸರಿನಲ್ಲಿ ತನ್ನ ಕುತಂತ್ರದ ಪ್ಯಾಕೇಜನ್ನು ಭಂಡಾರಕ್ಕೆ ಸೇರಿಸಿ ಕಾದು ಕುಳಿತರಾಯಿತು. ಓದಿ ನೋಡದೆ ಗುಂಡಿ ಒತ್ತಿದವರ ಕಂಪ್ಯೂಟರಿಗೆ ಅದು ತಾನಾಗಿಯೇ ಇಳಿಯುತ್ತದೆ. ಬಾಗಿಲು ಮುರಿಯುವ ಕಷ್ಟವೂ ಕಳ್ಳನಿಗಿಲ್ಲ.

ಹಾಗಾದರೆ ಓದಿ ತಿದ್ದಿದರಾಗದೇ? ಆದೀತು, ಆದರೆ ಅದಕ್ಕೆ ಹೊತ್ತು ಬೇಕು. ಅದೇ ವರ್ಷ ಮೆಟರ್ ಎಂಬ ಸಂಸ್ಥೆ ನುರಿತ 16 ಪ್ರೋಗ್ರಾಮರುಗಳನ್ನು ಪರೀಕ್ಷಿಸಿತು. ಆಗಿನ ಉಪಕರಣಗಳ ನೆರವು ಪಡೆದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಶೇ. 20ರಷ್ಟು ಬೇಗ ಮುಗಿಯಿತೆಂದೇ ಅವರು ನಂಬಿದ್ದರು!

ನುರಿತವರ ಪಾಡೇ ಹೀಗೆ. ಹೊಸದಾಗಿ ಸೇರುವ ಎಂಜಿನಿಯರುಗಳು ತಪ್ಪು ಹುಡುಕುವ ಕಣ್ಣನ್ನು ಸಂಪಾದಿಸುತ್ತಿದ್ದುದು ಸಣ್ಣಪುಟ್ಟ ಪ್ರೋಗ್ರಾಂಗಳನ್ನು ತಾವೇ ಬರೆದು, ಎಡವಿ, ತಿದ್ದಿ. ಯಂತ್ರ ಮೊದಲು ಕಿತ್ತುಕೊಳ್ಳುತ್ತಿರುವುದು ಆ ಸಣ್ಣಪುಟ್ಟ ಕೆಲಸವನ್ನೇ.